ಕಡಲ ನಡುವಿನ ಎಣ್ಣೆಬಾವಿಗೆ ಕಾನೂನು ಬಂದದ್ದು ಹೇಗೆ?

ಹಿಂದಿನ ಸಂಚಿಕೆಯಲ್ಲಿ ತೈಲ ಪ್ಲಾಟ್‌ಫಾರ್ಮ್ ಮೇಲಿನ ದಿನಚರಿಯ ಬಗ್ಗೆ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಸುರಕ್ಷತೆಯನ್ನೇ ಕೇಳಿವೆ. ಅರಬ್ಬೀ ಸಮುದ್ರದ ಪ್ಲಾಟ್‌ಫಾರ್ಮ್‌ಗಳಲ್ಲಿ ಸೇಫ್ಟಿ ಆಫೀಸರ್ ಆಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗ ಡಿಪ್ಲೊಮಾ ಮುಗಿಸಿ ಮುಂಬಯಿ ಕಡಲಿನ ಬಾಂಬೆ ಹೈ ತೈಲಕ್ಷೇತ್ರದಲ್ಲಿ ಕಾಂಟ್ರಾಕ್ಟರ್ ಒಬ್ಬರ ಕೈಕೆಳಗೆ ಫಿಟ್ಟರ್ ಆಗಿ ಸೇರಿದ್ದಾನೆ. ಗೋವಾದ ಬೇತುಲ್‌ನಲ್ಲಿ ತರಬೇತಿ ಮುಗಿಸಿ ಬಂದಾಗಿನಿಂದ ‘ಪೈಪರ್ ಆಲ್ಫಾ’ ಅಂತ ಒಂದೇ ಹೆಸರು ಹೇಳುತ್ತಿರುತ್ತಾನೆ. ಅಲ್ಲಿ ಏನಾಯಿತು? ಅಷ್ಟು ಮುಂದುವರಿದ ದೇಶದಲ್ಲಿ ಆಗ ಕಾನೂನೇ ಇರಲಿಲ್ಲವೇ?
— ಓದುಗರೊಬ್ಬರು, ಕುಂದಾಪುರ

ಉತ್ತರ: ಇತ್ತು ಸ್ವಾಮಿ, ಕಾನೂನಿನ ಪುಸ್ತಕ ದಪ್ಪವಾಗಿಯೇ ಇತ್ತು. ಆ ಪುಸ್ತಕ ದಪ್ಪವಾದದ್ದು ಹೇಗೆ ಅಂತ ಮೊದಲು ಹೇಳಿದರೆ ಪೈಪರ್ ಆಲ್ಫಾದ ರಾತ್ರಿ ನಿಮಗೆ ಸರಿಯಾಗಿ ಅರ್ಥವಾಗುತ್ತದೆ.

ಬ್ರಿಟನ್ ತನಗೂ ನಾರ್ವೆಗೂ ನಡುವಿನ ನಾರ್ತ್ ಸೀಯ ತನ್ನ ಪಾಲಿನಲ್ಲಿ ತೈಲ, ಗ್ಯಾಸ್ ಹುಡುಕಲು ಕಂಪನಿಗಳಿಗೆ ಪರವಾನಗಿ ಕೊಡಲು ಶುರುಮಾಡಿದ್ದು 1964ರಲ್ಲಿ. ಮರುವರ್ಷ ಸೆಪ್ಟೆಂಬರ್‌ನಲ್ಲೇ ಗ್ಯಾಸ್ ಸಿಕ್ಕಿತು. ಅದನ್ನು ಕಂಡುಹಿಡಿದದ್ದು ಬಿಪಿ ಕಂಪನಿಯ ‘ಸೀ ಜೆಮ್’ ಎಂಬ ರಿಗ್, ಅಂದರೆ ಬಾವಿ ಕೊರೆಯುವ ಕಟ್ಟು. ಉಕ್ಕಿನ ಬಾರ್ಜ್ ಒಂದಕ್ಕೆ ಹತ್ತು ಕಾಲು ಜೋಡಿಸಿ ಮಾಡಿದ್ದ ರಿಗ್ ಅದು. 1965ರ ಡಿಸೆಂಬರ್ 27ರಂದು ಜಾಗ ಬದಲಿಸಲು ಸಿದ್ಧತೆ ನಡೆದಿದ್ದಾಗ ಕಾಲುಗಳು ಕುಸಿದು ರಿಗ್ ಮಗುಚಿಕೊಂಡಿತು. ರೇಡಿಯೊ ಕೋಣೆಯೇ ನೀರಿಗೆ ಬಿದ್ದದ್ದರಿಂದ ಸಹಾಯಕ್ಕೆ ಕೂಗಲೂ ಆಗಲಿಲ್ಲ. ಆ ದಾರಿಯಲ್ಲಿದ್ದ ಸರಕು ಹಡಗಿನವರು ಕಣ್ಣಾರೆ ಕಂಡು ಧಾವಿಸಿದ್ದರಿಂದ 32 ಜನರಲ್ಲಿ 19 ಮಂದಿ ಉಳಿದರು, 13 ಮಂದಿ ಸತ್ತರು.

ತನಿಖೆ ನಡೆಸಿದವರು 1967ರಲ್ಲಿ ವರದಿ ಕೊಟ್ಟರು. ಉಕ್ಕಿನ ಟೈ ಬಾರ್‌ಗಳು ಪೆಡಸಾಗಿ ತುಂಡಾದದ್ದು ಕಾರಣ ಎಂದರು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು. ಸುರಕ್ಷತೆಯ ಬಗ್ಗೆ ಇದ್ದದ್ದು ಪರವಾನಗಿ ಪತ್ರದಲ್ಲಿನ ಷರತ್ತು ಮಾತ್ರ, ಉದ್ಯಮದವರೇ ಬರೆದುಕೊಂಡ ಸಂಹಿತೆಯನ್ನು ಪಾಲಿಸಿ ಎಂದು. ಪಾಲಿಸದಿದ್ದರೆ ಸರ್ಕಾರ ಮಾಡಬಹುದಾಗಿದ್ದದ್ದು ಪರವಾನಗಿ ರದ್ದು ಮಾಡುವುದಷ್ಟೇ. ದಂಡ ಇಲ್ಲ, ಮೊಕದ್ದಮೆ ಇಲ್ಲ. ದೇಶ ತೈಲಕ್ಕೆ ಹಪಹಪಿಸುತ್ತಿರುವಾಗ ಪರವಾನಗಿ ರದ್ದು ಮಾಡುವ ಸರ್ಕಾರ ಎಲ್ಲಿದೆ? 1971ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಪ್ರತಿ ರಿಗ್‌ಗೂ ಪ್ಲಾಟ್‌ಫಾರ್ಮ್‌ಗೂ ಒಬ್ಬ ಮ್ಯಾನೇಜರ್ ಇರಬೇಕು, ಅಲ್ಲಿನ ಸುರಕ್ಷತೆಗೆ ಅವನೇ ಹೊಣೆ ಎಂದು ಅದು ಹೇಳಿತು. ಅದರ ಬೆನ್ನಿಗೆ ಒಂದೊಂದೇ ನಿಯಮ ಬಂದವು. ಕಟ್ಟಡಕ್ಕೊಂದು, ಲೈಫ್‌ಬೋಟಿಗೊಂದು, ಬೆಂಕಿ ಆರಿಸುವ ಸಾಮಾನಿಗೊಂದು. ಎಷ್ಟು ಇರಬೇಕು, ಎಲ್ಲಿ ಇರಬೇಕು ಎಂದು ನಿಯಮ ಹೇಳುತ್ತದೆ. ಇನ್‌ಸ್ಪೆಕ್ಟರ್ ಬಂದು ಪಟ್ಟಿ ಹಿಡಿದು ನೋಡುತ್ತಾನೆ. ಎಲ್ಲವೂ ಇದ್ದರೆ ಸಹಿ.

ಇಲ್ಲೊಂದು ವಿಷಯ ಗಮನಿಸಿ. ಆ ಇನ್‌ಸ್ಪೆಕ್ಟರ್ ಇಂಧನ ಇಲಾಖೆಯವನು. ತೈಲ ಬೇಗ ಬೇಗ ಮೇಲೆ ಬರಲಿ ಎಂದು ಕಂಪನಿಗಳ ಬೆನ್ನು ಹತ್ತಿದ್ದೂ ಅದೇ ಇಲಾಖೆ. ಭೂಮಿಯ ಮೇಲಿನ ಕಾರ್ಖಾನೆಗಳಿಗೆ 1974ರ ಕಾಯ್ದೆಯಡಿ ಆರೋಗ್ಯ ಮತ್ತು ಸುರಕ್ಷತೆಗೇ ಬೇರೆ ಸಂಸ್ಥೆ ಹುಟ್ಟಿತ್ತು, ಕಡಲಿಗೆ ಅದು ಬರಲಿಲ್ಲ. 1980ರಲ್ಲಿ ಸರ್ಕಾರ ನೇಮಿಸಿದ್ದ ಬರ್ಗೋಯ್ನ್ ಸಮಿತಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಬಹುಮತ ಇಂಧನ ಇಲಾಖೆಯೇ ಇರಲಿ ಎಂದಿತು. ಸಮಿತಿಯಲ್ಲಿದ್ದ ಇಬ್ಬರು ಕಾರ್ಮಿಕ ಸಂಘದವರು ಮಾತ್ರ ಭಿನ್ನಮತ ಬರೆದು, ಸುರಕ್ಷತೆಯನ್ನು ಬೇರೆ ಸಂಸ್ಥೆಗೆ ಒಪ್ಪಿಸಿ ಎಂದು ಕೇಳಿಕೊಂಡರು. ಅವರ ಮಾತು ನಡೆಯಲಿಲ್ಲ.

ಅದೇ 1980ರ ಮಾರ್ಚ್ 27ರಂದು ನಾರ್ವೆಯ ಪಾಲಿನ ಕಡಲಲ್ಲಿ ‘ಅಲೆಕ್ಸಾಂಡರ್ ಕೀಲ್ಯಾಂಡ್’ ಮಗುಚಿತು. ಅದು ಕೆಲಸಗಾರರು ಮಲಗಲು, ಊಟ ಮಾಡಲು ಇದ್ದ ತೇಲುವ ವಸತಿ. 212 ಜನರಲ್ಲಿ 123 ಮಂದಿ ಸತ್ತರು. ಅದರ ಕಾಲು ಹಿಡಿದಿದ್ದ ಅಡ್ಡಪೈಪಿಗೆ ನೀರಿನೊಳಗಿನ ಶಬ್ದ ಕೇಳುವ ಉಪಕರಣವನ್ನು ಕೂರಿಸಲು ಒಂದು ಸಣ್ಣ ಪಟ್ಟಿಯನ್ನು ವೆಲ್ಡ್ ಮಾಡಿದ್ದರು. ಬಿರುಕು ಹುಟ್ಟಿದ್ದು ಆ ವೆಲ್ಡ್‌ನಲ್ಲಿ. ಬಿರುಕಿನ ಒಳಗೆ ಬಣ್ಣದ ಕುರುಹು ಸಿಕ್ಕಿತು. ಅಂದರೆ ಯಾರ್ಡ್‌ನಲ್ಲಿ ಬಣ್ಣ ಬಳಿಯುವಾಗಲೇ ಅದು ಬಾಯಿ ಬಿಟ್ಟಿತ್ತು! ನಾರ್ವೆಯವರು ಇದರಿಂದ ಬೇಗ ಎಚ್ಚೆತ್ತರು. ಇನ್‌ಸ್ಪೆಕ್ಟರ್ ಎಷ್ಟು ವೆಲ್ಡ್ ನೋಡಬಲ್ಲ? ತಪ್ಪು ಹುಡುಕುವ ಹೊಣೆಯನ್ನು ಕಂಪನಿಯ ತಲೆಗೇ ಕಟ್ಟಿ, ಕಂಪನಿ ಅದನ್ನು ಹೇಗೆ ನಿಭಾಯಿಸುತ್ತಿದೆ ಎಂಬುದನ್ನು ಸರ್ಕಾರ ಪರೀಕ್ಷಿಸಬೇಕು ಎಂಬ ದಾರಿಗೆ ಅವರು 1985ರ ಹೊತ್ತಿಗಾಗಲೇ ಹೊರಳಿದ್ದರು. ಬ್ರಿಟನ್ ಹೊರಳಲಿಲ್ಲ.

ಈಗ ಪೈಪರ್ ಆಲ್ಫಾ. ಸ್ಕಾಟ್ಲೆಂಡಿನ ಅಬರ್ಡೀನ್‌ನಿಂದ ಈಶಾನ್ಯಕ್ಕೆ ಸುಮಾರು 190 ಕಿ.ಮೀ. ದೂರದಲ್ಲಿ ಆಕ್ಸಿಡೆಂಟಲ್ ಕಂಪನಿ ನಡೆಸುತ್ತಿದ್ದ ಪ್ಲಾಟ್‌ಫಾರ್ಮ್. 1988ರ ಜುಲೈ 6. ನಿಮ್ಮ ಮಗ ಫಿಟ್ಟರ್ ಆದ್ದರಿಂದ ಇದನ್ನು ಅವನ ಕಣ್ಣಿನಿಂದಲೇ ಹೇಳುತ್ತೇನೆ.

ಗ್ಯಾಸಿನಿಂದ ಬೇರ್ಪಟ್ಟ ದ್ರವವನ್ನು ಒತ್ತಡದಲ್ಲಿ ನೂಕಲು ಎರಡು ಪಂಪ್ ಇದ್ದವು, ‘ಎ’ ಮತ್ತು ‘ಬಿ’. ‘ಎ’ ಪಂಪನ್ನು ರಿಪೇರಿಗೆಂದು ನಿಲ್ಲಿಸಿದ್ದರು, ಅದಕ್ಕೊಂದು ಪರ್ಮಿಟ್, ಅಂದರೆ ಕೆಲಸದ ಲಿಖಿತ ಅನುಮತಿ. ಅದೇ ಪಂಪಿನ ಸೇಫ್ಟಿ ವಾಲ್ವನ್ನು, ನಮ್ಮ ಕುಕ್ಕರಿನಲ್ಲಿ ಒತ್ತಡ ಮೀರಿದರೆ ಹೊರಗೆ ಬಿಡುವ ವಾಲ್ವ್ ಇರುತ್ತದಲ್ಲ, ಅಂಥದನ್ನು ಪರೀಕ್ಷೆಗೆಂದು ಬಿಚ್ಚಿದ್ದರು. ಅದಕ್ಕೆ ಬೇರೆ ಪರ್ಮಿಟ್. ವಾಲ್ವ್ ಇದ್ದದ್ದು ಪಂಪಿನ ಪಕ್ಕದಲ್ಲಲ್ಲ, ಅದಕ್ಕಿಂತ ಎತ್ತರದಲ್ಲಿ, ಪಂಪಿನ ಬಳಿ ನಿಂತವರಿಗೆ ಕಾಣದ ಕಡೆ. ಸಂಜೆ ಆರರೊಳಗೆ ವಾಪಸ್ ಕೂರಿಸಲು ಆಗಲಿಲ್ಲ. ನಾಳೆ ಕೂರಿಸೋಣ ಎಂದು ತೆರೆದ ಪೈಪಿನ ಬಾಯಿಗೆ ಬ್ಲೈಂಡ್ ಫ್ಲ್ಯಾಂಜ್ ಎಂಬ ಲೋಹದ ಮುಚ್ಚಳ ಇಟ್ಟು ಹೋದರು. ಅದನ್ನು ಗ್ಯಾಸ್ ಸೋರದಷ್ಟು ಬಿಗಿ ಮಾಡಿರಲಿಲ್ಲ. ವಾಲ್ವ್ ಇಲ್ಲ ಎಂಬ ಮಾತು ಹಗಲಿನ ಶಿಫ್ಟ್‌ನಿಂದ ರಾತ್ರಿಯ ಶಿಫ್ಟ್‌ಗೆ ದಾಟಲಿಲ್ಲ.

ರಾತ್ರಿ ಒಂಬತ್ತೂ ಮುಕ್ಕಾಲರ ಹೊತ್ತಿಗೆ ‘ಬಿ’ ಪಂಪ್ ನಿಂತುಹೋಯಿತು, ಮತ್ತೆ ಹತ್ತಲಿಲ್ಲ. ‘ಎ’ ಪಂಪಿನ ರಿಪೇರಿ ಇನ್ನೂ ಶುರುವಾಗಿಲ್ಲವಲ್ಲ, ಅದನ್ನೇ ಹಚ್ಚೋಣ ಎಂದು ರಾತ್ರಿಯವರು ಹೊರಟರು. ಅವರಿಗೆ ಗೊತ್ತಿದ್ದದ್ದು ಒಂದೇ ಪರ್ಮಿಟ್. ಹತ್ತು ಗಂಟೆಗೆ ಸೋರಿದ ಗ್ಯಾಸ್ ಸ್ಫೋಟಿಸಿತು.

ಮುಂದಿನದ್ದು ಸರಪಳಿ. ಪ್ಲಾಟ್‌ಫಾರ್ಮನ್ನು ಮೊದಲು ಕಚ್ಚಾತೈಲಕ್ಕೆಂದು ಕಟ್ಟಿ ಆಮೇಲೆ ಗ್ಯಾಸ್ ಕೆಲಸ ಸೇರಿಸಿದ್ದರು. ಒಳಗಿನ ಗೋಡೆಗಳು ಬೆಂಕಿ ತಡೆಯಬಲ್ಲವು, ಸ್ಫೋಟ ತಡೆಯಲಾರವು. ಕಂಟ್ರೋಲ್ ರೂಮ್ ಮೊದಲ ಏಟಿಗೇ ಹಾಳಾಯಿತು. ನೀರಿನಲ್ಲಿ ಡೈವರ್‌ಗಳು ಇದ್ದಾಗ ಪಂಪ್ ಅವರನ್ನು ಎಳೆದುಕೊಳ್ಳಬಾರದು ಎಂದು ಬೆಂಕಿ ಆರಿಸುವ ಪಂಪುಗಳ ಆಟೊಮ್ಯಾಟಿಕ್ ತೆಗೆದು ಕೈಯಿಂದ ಹಚ್ಚುವಂತೆ ಇಟ್ಟಿದ್ದರು. ಅಲ್ಲಿಗೆ ಹೋಗಿ ಹಚ್ಚಲು ಯಾರಿಗೂ ಆಗಲಿಲ್ಲ. ಅದೇ ಪೈಪ್‌ಲೈನಿಗೆ ಪೈಪರ್ ಜೊತೆ ಜೋಡಿಸಿದ್ದ ಅಕ್ಕಪಕ್ಕದ ಕ್ಲೇಮೋರ್, ಟಾರ್ಟನ್ ಪ್ಲಾಟ್‌ಫಾರ್ಮ್‌ಗಳು ಬೆಂಕಿಯ ಸುದ್ದಿ ತಿಳಿದೂ ತಕ್ಷಣ ತೈಲ ನಿಲ್ಲಿಸಲಿಲ್ಲ. 10.20ರ ಸುಮಾರಿಗೆ ಟಾರ್ಟನ್‌ನಿಂದ ಬರುವ ದೊಡ್ಡ ಗ್ಯಾಸ್ ರೈಸರ್, ಅಂದರೆ ಕಡಲತಳದಿಂದ ಪ್ಲಾಟ್‌ಫಾರ್ಮಿಗೆ ಏರಿ ಬರುವ ಪೈಪು, ಒಡೆಯಿತು. ಆಮೇಲೆ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ.

ತುರ್ತು ಹೊತ್ತಿನಲ್ಲಿ ವಸತಿ ಬ್ಲಾಕಿನಲ್ಲಿ ಸೇರಿ, ಹೆಲಿಕಾಪ್ಟರ್ ಬರುವವರೆಗೆ ಕಾಯಿರಿ ಎಂಬುದು ಅಲ್ಲಿನ ಪದ್ಧತಿ. ಹೇಳಿದ ಮಾತು ಕೇಳಿ ಕಾದವರು ಬಹಳ ಮಂದಿ. ಹೊಗೆಯಲ್ಲಿ ಹೆಲಿಕಾಪ್ಟರ್ ಇಳಿಯುವುದಿರಲಿ, ಹತ್ತಿರ ಸುಳಿಯುವಂತೆಯೂ ಇರಲಿಲ್ಲ. ಬದುಕಿದ 61 ಜನರಲ್ಲಿ ಹೆಚ್ಚಿನವರು ಆ ಮಾತು ಬಿಟ್ಟು ಹಗ್ಗ ಹಿಡಿದು ಇಳಿದವರು, ಎತ್ತರದಿಂದ ಕಡಲಿಗೆ ಹಾರಿದವರು. ಸತ್ತವರು 167. ಅದರಲ್ಲಿ ಇಬ್ಬರು ರಕ್ಷಣೆಗೆ ಬಂದ ಸಣ್ಣ ದೋಣಿಯವರು. ಮೂವತ್ತು ಜನರ ದೇಹ ಸಿಗಲೇ ಇಲ್ಲ.

ಈ ಅನಾಹುತಕ್ಕೆ ಕೆಲವೇ ದಿನಗಳ ಮೊದಲು, ಅದೇ ಜೂನ್‌ನಲ್ಲಿ, ಸರ್ಕಾರದ ಇನ್‌ಸ್ಪೆಕ್ಟರ್ ಆ ಪ್ಲಾಟ್‌ಫಾರ್ಮಿಗೆ ಬಂದು ನೋಡಿ ಹೋಗಿದ್ದ. ಅದಕ್ಕೂ ಹಿಂದಿನ ವರ್ಷ ಅಲ್ಲೇ ಒಬ್ಬ ಕೆಲಸಗಾರ ಸತ್ತಿದ್ದ. ಆಗಲೂ ಕಾರಣ ಪರ್ಮಿಟ್ ಮತ್ತು ಶಿಫ್ಟ್ ಹ್ಯಾಂಡೋವರ್‌ನ ಲೋಪವೇ, ಕಂಪನಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡೂ ಆಗಿತ್ತು. ಕಾನೂನು ಇತ್ತೇ ಎಂದಿರಿ. ನಿಮ್ಮ ಮಗನಿಗೆ ಬೇತುಲ್‌ನಲ್ಲಿ ಈ ಹೆಸರು ಹೇಳಿಕೊಟ್ಟದ್ದು ಬೆಂಕಿ ಎಷ್ಟು ದೊಡ್ಡದಿತ್ತು ಎಂದು ಹೆದರಿಸಲು ಅಲ್ಲ. ಕಾನೂನು, ಇನ್‌ಸ್ಪೆಕ್ಟರ್, ಪರ್ಮಿಟ್ ಎಲ್ಲ ಇದ್ದೂ ಒಂದು ವಾಲ್ವ್ ಇಲ್ಲ ಎಂಬ ಸುದ್ದಿ ಒಬ್ಬನಿಂದ ಇನ್ನೊಬ್ಬನಿಗೆ ಮುಟ್ಟಲಿಲ್ಲವಲ್ಲ, ಅದಕ್ಕೆ.

ಪ್ರಶ್ನೆ: ಪೈಪರ್ ಆಲ್ಫಾದ ನಂತರ ‘ಸೇಫ್ಟಿ ಕೇಸ್’ ಪದ್ಧತಿ ಬಂತೆಂದು ಓದಿದ್ದೇನೆ. ಹಳೆಯ ನಿಯಮಗಳಿಗೂ ಇದಕ್ಕೂ ಏನು ವ್ಯತ್ಯಾಸ? ಕಂಪನಿ ತಾನೇ ಬರೆದುಕೊಡುವ ದಾಖಲೆಯನ್ನು ನಂಬುವುದಾದರೂ ಹೇಗೆ?
— ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಎರಡನೇ ಪ್ರಶ್ನೆ ಬಹಳ ಸರಿಯಾದದ್ದು. ಮೊದಲನೆಯದಕ್ಕೆ ಉತ್ತರಿಸಿ ಅಲ್ಲಿಗೆ ಬರುತ್ತೇನೆ.

ಸ್ಕಾಟ್ಲೆಂಡಿನ ನ್ಯಾಯಾಧೀಶ ಲಾರ್ಡ್ ಕಲೆನ್ ಅಬರ್ಡೀನ್‌ನಲ್ಲಿ ಕುಳಿತು 180 ದಿನ ವಿಚಾರಣೆ ನಡೆಸಿದರು. 1990ರ ನವೆಂಬರ್‌ನಲ್ಲಿ ಬಂದ ವರದಿಯಲ್ಲಿ 106 ಶಿಫಾರಸು. ಸರ್ಕಾರ ಒಂದನ್ನೂ ಬಿಡದೆ ಒಪ್ಪಿತು. ಸರ್ಕಾರಿ ತಪಾಸಣೆಗಳು ಎಷ್ಟು ಮೇಲುಮೇಲಿನವೆಂದರೆ ಸುರಕ್ಷತೆಯ ಪರೀಕ್ಷೆಯಾಗಿ ಅವುಗಳಿಂದ ಹೆಚ್ಚು ಪ್ರಯೋಜನವೇ ಇರಲಿಲ್ಲ ಎಂಬರ್ಥದ ಮಾತನ್ನು ಅವರು ನೇರವಾಗಿ ಬರೆದರು. 1980ರಲ್ಲಿ ಆ ಇಬ್ಬರು ಕಾರ್ಮಿಕ ಪ್ರತಿನಿಧಿಗಳು ಕೇಳಿದ್ದು 1991ರ ಏಪ್ರಿಲ್‌ನಲ್ಲಿ ಆಯಿತು. ಕಡಲಿನ ಸುರಕ್ಷತೆ ಇಂಧನ ಇಲಾಖೆಯ ಕೈಬಿಟ್ಟು ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆಗೆ ಹೋಯಿತು. ನಡುವೆ ಹೋದದ್ದು ಹನ್ನೊಂದು ವರ್ಷ, 167 ಜೀವ. ಇದನ್ನು ಬರೆಯುವಾಗ ಈಗಲೂ ನನಗೆ ಸಂಕಟವಾಗುತ್ತದೆ.

ಸೇಫ್ಟಿ ಕೇಸ್ ನಿಯಮ 1992ರದ್ದು, ಜಾರಿಗೆ ಬಂದದ್ದು 1993ರಲ್ಲಿ. ಹಳೆಯ ನಿಯಮ ಕೇಳುತ್ತಿದ್ದದ್ದು: ಬೆಂಕಿ ಆರಿಸುವ ಪಂಪ್ ಇದೆಯೇ? ಇದೆ. ಹೊಸ ನಿಯಮ ಕೇಳುವುದು: ನಿಮ್ಮ ಪ್ಲಾಟ್‌ಫಾರ್ಮ್‌ನಲ್ಲಿ ಎಂಥ ಬೆಂಕಿ ಏಳಬಹುದು, ಎಲ್ಲಿ, ಎಷ್ಟು ಹೊತ್ತು ಉರಿಯಬಹುದು, ಆ ಹೊತ್ತಿನಲ್ಲಿ ಈ ಪಂಪ್ ಉಳಿದಿರುತ್ತದೆಯೇ, ಅದನ್ನು ಹಚ್ಚುವವನು ಅಲ್ಲಿಗೆ ತಲುಪಬಲ್ಲನೇ, ತೋರಿಸಿ. ಜನ ಸೇರುವ ತಾತ್ಕಾಲಿಕ ಆಶ್ರಯ ಎಷ್ಟು ಹೊತ್ತು ಹೊಗೆ ತಡೆಯುತ್ತದೆ, ಅಲ್ಲಿಂದ ಹೊರಬೀಳುವ ದಾರಿ ಯಾವುದು, ಅದನ್ನೂ ತೋರಿಸಿ. ಅಪಾಯವನ್ನು ಸಾಧ್ಯವಿದ್ದಷ್ಟೂ ತಗ್ಗಿಸಿದ್ದೇವೆ ಎಂದು ಸಾಬೀತು ಮಾಡುವ ಹೊಣೆ ಕಂಪನಿಯದ್ದು. ಸಂಸ್ಥೆ ಒಪ್ಪುವ ತನಕ ಪ್ಲಾಟ್‌ಫಾರ್ಮ್ ನಡೆಸುವಂತಿಲ್ಲ.

ಇದೇನೂ ಆಕಾಶದಿಂದ ಬಿದ್ದ ಯೋಚನೆಯಲ್ಲ. 1974ರಲ್ಲಿ ಇಂಗ್ಲೆಂಡಿನ ಫ್ಲಿಕ್ಸ್‌ಬರೋ ರಾಸಾಯನಿಕ ಕಾರ್ಖಾನೆ ಸ್ಫೋಟಿಸಿ 28 ಜನ ಸತ್ತ ಮೇಲೆ ಚರ್ಚೆ ನಡೆದು, 1984ರ ನಿಯಮಗಳ ಪ್ರಕಾರ ನೆಲದ ಮೇಲಿನ ದೊಡ್ಡ ಅಪಾಯದ ಕಾರ್ಖಾನೆಗಳು ಇಂಥದೇ ವರದಿ ಕೊಡಬೇಕಿತ್ತು. ಕಡಲಿನವರಿಗೆ ಮಾತ್ರ ಬೇಡವಾಗಿತ್ತು. ಅತಿ ಹೆಚ್ಚು ಗ್ಯಾಸ್ ಇರುವ, ಓಡಿಹೋಗಲು ನೆಲವೇ ಇಲ್ಲದ ಜಾಗಕ್ಕೆ!

ಇನ್ನೂ ಎರಡು ಬದಲಾವಣೆಗಳನ್ನು ಹೇಳಲೇಬೇಕು. ರೈಸರ್‌ಗಳಿಗೆ ತುರ್ತಾಗಿ ಮುಚ್ಚುವ ವಾಲ್ವ್ ಇರಲೇಬೇಕು ಎಂಬ ನಿಯಮ ವರದಿಗೂ ಮೊದಲೇ, 1989ರಲ್ಲೇ ಬಂತು. ಪ್ಲಾಟ್‌ಫಾರ್ಮ್ ಕೆಲಸಗಾರರು ತಮ್ಮ ಸುರಕ್ಷತಾ ಪ್ರತಿನಿಧಿಯನ್ನು ತಾವೇ ಆರಿಸಿಕೊಳ್ಳುವ ಹಕ್ಕು ಬಂದದ್ದೂ ಅದೇ ವರ್ಷ. ಕಲೆನ್ ವರದಿಯಷ್ಟು ಹೆಸರು ಇದಕ್ಕೆ ಬರಲಿಲ್ಲ. ನನ್ನ ಮಟ್ಟಿಗೆ ಅದಕ್ಕಿಂತ ಕಡಿಮೆಯದೇನೂ ಅಲ್ಲ. ಸೋರುವ ಫ್ಲ್ಯಾಂಜ್ ಮೊದಲು ಕಾಣುವುದು ಫಿಟ್ಟರ್‌ನ ಕಣ್ಣಿಗೆ. ಅವನು ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ ಎಂದಾದರೆ ಯಾವ ದಾಖಲೆಯೂ ಅದನ್ನು ಹಿಡಿಯುವುದಿಲ್ಲ.

ಇನ್ನು, ಕಂಪನಿ ಬರೆದದ್ದನ್ನು ನಂಬುವುದು ಹೇಗೆ? ಅದನ್ನು ಓದುವ ಅಧಿಕಾರಿಗೆ ಕಂಪನಿಯ ಎಂಜಿನಿಯರ್‌ಗಿಂತ ಕಡಿಮೆಯಿಲ್ಲದ ತಿಳಿವಳಿಕೆ ಇರಬೇಕು, ಬರೆದದ್ದನ್ನು ಪ್ಲಾಟ್‌ಫಾರ್ಮಿಗೆ ಹೋಗಿ ತಾಳೆ ನೋಡುವ ಅಧಿಕಾರವೂ ಪುರುಸೊತ್ತೂ ಇರಬೇಕು. ಇವೆರಡು ಇಲ್ಲದಿದ್ದರೆ ಸೇಫ್ಟಿ ಕೇಸ್ ಬೀರುವಿನಲ್ಲಿ ಕೂರುವ ದಪ್ಪ ಫೈಲ್ ಆಗುತ್ತದೆ. ಬೇರೆ ಕ್ಷೇತ್ರದಲ್ಲಿ ಹಾಗಾಗಿದೆ. ಬ್ರಿಟನ್ನಿನ ವಾಯುಪಡೆಯ ನಿಮ್ರಾಡ್ ವಿಮಾನ 2006ರಲ್ಲಿ ಅಫ್ಘಾನಿಸ್ತಾನದ ಮೇಲೆ ಹೊತ್ತಿಕೊಂಡು 14 ಜನ ಸತ್ತರು. ಅದಕ್ಕೂ ಒಂದು ಸೇಫ್ಟಿ ಕೇಸ್ ಇತ್ತು. ವಿಮಾನ ಹೇಗೂ ಸುರಕ್ಷಿತ ಎಂದುಕೊಂಡೇ ಅದನ್ನು ಬರೆದಿದ್ದರು ಎಂದು 2009ರ ತನಿಖಾ ವರದಿ ಕಟುವಾಗಿ ಹೇಳಿತು. ಸೇಫ್ಟಿ ಕೇಸ್ ಬರೆಯುವವರು ‘ಎಲ್ಲಿ ತಪ್ಪಬಹುದು’ ಎಂದು ಹುಡುಕಿಕೊಂಡು ಹೋಗಬೇಕು. ಎಲ್ಲ ಸರಿಯಿದೆ ಎಂದು ತೋರಿಸಲು ಕೂತರೆ ಅದು ಜಾಹೀರಾತಾಗುತ್ತದೆ.

ಪ್ರಶ್ನೆ: ನಮ್ಮ ದೇಶದಲ್ಲಿ ಇದನ್ನು ಯಾರು ನೋಡಿಕೊಳ್ಳುತ್ತಾರೆ? ನಾವೂ ಏನಾದರೂ ಕಲಿತಿದ್ದೇವೆಯೇ?
— ನಿವೃತ್ತ ಶಿಕ್ಷಕರು, ಮಂಗಳೂರು

ಉತ್ತರ: ಮೇಷ್ಟ್ರೇ, ಕಲಿತಿದ್ದೇವೆ, ತಡವಾಗಿ. ಮತ್ತು ಅರ್ಧ ಪಾಠ ಇನ್ನೂ ಬಾಕಿ ಇದೆ.

ಬಾಂಬೆ ಹೈ ಸಿಕ್ಕಿದ್ದು 1974ರಲ್ಲಿ, ತೈಲ ಬರಲು ಶುರುವಾದದ್ದು 1976ರಲ್ಲಿ. ನಮ್ಮಲ್ಲಿ ತೈಲಬಾವಿಯೂ ಕಾನೂನಿನ ಲೆಕ್ಕದಲ್ಲಿ ಗಣಿಯೇ. ಆ ಕಾಲದಲ್ಲಿ ಇದ್ದದ್ದು 1952ರ ಗಣಿ ಕಾಯ್ದೆ, ಅದರಡಿ ಬಂದ 1984ರ ತೈಲಗಣಿ ನಿಯಮಗಳು. ಅವನ್ನು ಜಾರಿ ಮಾಡುವ ಗಣಿ ಸುರಕ್ಷತಾ ನಿರ್ದೇಶನಾಲಯ ಹುಟ್ಟಿ ಬೆಳೆದದ್ದು ಕಲ್ಲಿದ್ದಲಿನ ನಡುವೆ. 1986ರಲ್ಲಿ ಪೆಟ್ರೋಲಿಯಂ ಸಚಿವಾಲಯದ ಅಡಿಯಲ್ಲಿ ತೈಲ ಉದ್ಯಮ ಸುರಕ್ಷತಾ ನಿರ್ದೇಶನಾಲಯ, ಅಂದರೆ ಓಐಎಸ್‌ಡಿ, ಶುರುವಾಯಿತು. ಒಳ್ಳೆಯ ತಾಂತ್ರಿಕ ಮಾನದಂಡಗಳನ್ನು ಬರೆಯಿತು. ನಾನು ಕೆಲಸದಲ್ಲಿದ್ದಾಗ ಮೇಜಿನ ಮೇಲೆ ಅವು ಸದಾ ಇರುತ್ತಿದ್ದವು. ಆದರೆ ಕಡಲಿನ ಮಟ್ಟಿಗೆ ಅದರ ಹಿಂದೆ ಕಾನೂನಿನ ಬಲ ಇರಲಿಲ್ಲ.

2005ರ ಜುಲೈ 27. ಹಿಂದಿನ ದಿನವಷ್ಟೇ ಮುಂಬಯಿ ಮಳೆಯಲ್ಲಿ ಮುಳುಗಿತ್ತು. ಸುಮಾರು 160 ಕಿ.ಮೀ. ಪಶ್ಚಿಮಕ್ಕೆ ಬಾಂಬೆ ಹೈ ನಾರ್ತ್ ಪ್ಲಾಟ್‌ಫಾರ್ಮ್. ‘ಸಮುದ್ರ ಸುರಕ್ಷಾ’ ಎಂಬ ಸಹಾಯಕ ಹಡಗಿನಲ್ಲಿ ಅಡುಗೆಯವನೊಬ್ಬನ ಕೈಬೆರಳಿಗೆ ಪೆಟ್ಟಾಗಿತ್ತು. ಚಿಕಿತ್ಸೆಗೆಂದು ಅವನನ್ನು ಕ್ರೇನ್‌ನಿಂದ ಪ್ಲಾಟ್‌ಫಾರ್ಮಿಗೆ ಎತ್ತಬೇಕಿತ್ತು. ಕಡಲು ಕೆರಳಿತ್ತು, ಹಡಗನ್ನು ಒಂದೆಡೆ ಹಿಡಿದು ನಿಲ್ಲಿಸುವ ಯಂತ್ರ ಸರಿಯಾಗಿ ಕೈಗೆ ಸಿಗುತ್ತಿರಲಿಲ್ಲ. ಅವನನ್ನು ಎತ್ತಿಯೂ ಆಯಿತು. ಆಮೇಲೆ ಹಡಗು ಅಲೆಗೆ ತೊನೆದು ಅದರ ಹೆಲಿಡೆಕ್ ರೈಸರ್‌ಗೆ ಬಡಿಯಿತು. ಗ್ಯಾಸ್ ಹೊತ್ತಿಕೊಂಡಿತು. ಸುಮಾರು ಎರಡು ಗಂಟೆಯೊಳಗೆ ಅಷ್ಟು ದೊಡ್ಡ ಪ್ಲಾಟ್‌ಫಾರ್ಮ್ ಕರಗಿ ಕಡಲಿಗೆ ಬಿತ್ತು. ಪ್ಲಾಟ್‌ಫಾರ್ಮ್, ಪಕ್ಕದ ರಿಗ್, ಹಡಗು ಎಲ್ಲ ಸೇರಿ ಇದ್ದ 384 ಜನರಲ್ಲಿ 362 ಮಂದಿಯನ್ನು ನೌಕಾಪಡೆ, ಕೋಸ್ಟ್ ಗಾರ್ಡ್, ಸುತ್ತಲಿನ ಹಡಗುಗಳವರು ಆ ಮಳೆಗಾಲದ ಕಡಲಿನಿಂದ ಎತ್ತಿದರು. ಆ ಕೆಲಸಕ್ಕೆ ಎಷ್ಟು ಕೈ ಮುಗಿದರೂ ಸಾಲದು. 22 ಮಂದಿ ಉಳಿಯಲಿಲ್ಲ.

ಪೈಪರ್ ಆಲ್ಫಾದಲ್ಲೂ ಪ್ಲಾಟ್‌ಫಾರ್ಮನ್ನು ತಿಂದದ್ದು ರೈಸರ್, ಇಲ್ಲೂ ರೈಸರ್. ನಡುವೆ ಹದಿನೇಳು ವರ್ಷ. ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ (ಕಡಲಾಚೆಯ ಕಾರ್ಯಾಚರಣೆಗಳ ಸುರಕ್ಷತೆ) ನಿಯಮಗಳು ಬಂದದ್ದು 2008ರಲ್ಲಿ. ಓಐಎಸ್‌ಡಿಗೆ ಕಾನೂನಿನ ಅಧಿಕಾರ ಸಿಕ್ಕಿದ್ದು ಆಗ. ಅಪಾಯದ ಮೌಲ್ಯಮಾಪನ ಮಾಡಿ ತೋರಿಸಬೇಕು, ಒಪ್ಪಿಗೆ ಪಡೆದೇ ನಡೆಸಬೇಕು ಎಂಬ ಕಲೆನ್ ದಾರಿಯ ಮಾತುಗಳು ಅದರಲ್ಲಿವೆ.

ಬಾಕಿ ಇರುವ ಅರ್ಧ ಪಾಠ ಇದು. ಓಐಎಸ್‌ಡಿ ಇಂದಿಗೂ ಪೆಟ್ರೋಲಿಯಂ ಸಚಿವಾಲಯದ ಅಡಿಯಲ್ಲೇ ಇದೆ. ತೈಲದ ಉತ್ಪಾದನೆ ಹೆಚ್ಚಬೇಕೆಂದು ಗುರಿ ಇಡುವುದೂ ಅದೇ ಸಚಿವಾಲಯ, ದೊಡ್ಡ ತೈಲ ಕಂಪನಿಗಳ ಒಡೆತನ ನೋಡಿಕೊಳ್ಳುವುದೂ ಅದೇ. ಅಲ್ಲಿನ ಅಧಿಕಾರಿಗಳ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ, ಅನೇಕರನ್ನು ಹತ್ತಿರದಿಂದ ಬಲ್ಲೆ. ಮನುಷ್ಯರು ಒಳ್ಳೆಯವರಾಗಿದ್ದರೆ ಸಾಲದು. ‘ನಿಲ್ಲಿಸಿ’ ಎನ್ನುವ ಅಧಿಕಾರಿಯ ಬಡ್ತಿ, ವರ್ಗಾವಣೆ ‘ಇನ್ನೂ ಹೆಚ್ಚು ತೆಗೆಯಿರಿ’ ಎನ್ನುವವರ ಕೈಯಲ್ಲಿ ಇರಬಾರದು. ಬ್ರಿಟನ್ 1991ರಲ್ಲಿ ಇದನ್ನು ಬಿಡಿಸಿತು. ನಾರ್ವೆ 2004ರಲ್ಲಿ ತೈಲ ಸಂಪತ್ತು ನೋಡುವ ನಿರ್ದೇಶನಾಲಯದಿಂದ ಸುರಕ್ಷತೆಯನ್ನು ಬೇರೆ ಮಾಡಿತು. ನಾವೂ ಮಾಡಬೇಕು. ಇನ್ನೊಂದು ದುರಂತಕ್ಕೆ ಕಾಯದೆ ಮಾಡಬೇಕು.

ಇನ್ನೊಂದು ಸಂಗತಿ. 2021ರ ಮೇ 17ರಂದು ತೌಕ್ತೆ ಚಂಡಮಾರುತಕ್ಕೆ ಮುಳುಗಿದ, ತೈಲಕ್ಷೇತ್ರದ ಕೆಲಸಗಾರರ ವಸತಿಗಿದ್ದ ಪಿ-305 ಬಾರ್ಜ್ ನಿಮಗೆ ನೆನಪಿರಬಹುದು. ನಮ್ಮ ಕರಾವಳಿಯನ್ನು ತಟ್ಟಿ ಹೋದ ಅದೇ ಗಾಳಿ. 261 ಜನರಲ್ಲಿ 70ಕ್ಕೂ ಹೆಚ್ಚು ಮಂದಿ ಸತ್ತರು, ಹೆಚ್ಚಿನವರು ಕಾಂಟ್ರಾಕ್ಟ್ ಕೆಲಸಗಾರರು, ವೆಲ್ಡರ್, ಫಿಟ್ಟರ್, ಅಡುಗೆಯವರು. ಗಾಳಿಯ ಮುನ್ಸೂಚನೆ ದಿನಗಳ ಮೊದಲೇ ಇತ್ತು. ಹಡಗು, ಬಾರ್ಜ್‌ಗಳನ್ನು ನೋಡುವುದು ನೌಕಾಯಾನ ನಿರ್ದೇಶನಾಲಯ, ತೈಲಕ್ಷೇತ್ರವನ್ನು ನೋಡುವುದು ಓಐಎಸ್‌ಡಿ. ಕೆಲಸಗಾರ ಮಲಗುವುದು ಒಬ್ಬರ ಪಾಲಿನಲ್ಲಿ, ದುಡಿಯುವುದು ಇನ್ನೊಬ್ಬರ ಪಾಲಿನಲ್ಲಿ. ಗಾಳಿ ಬರುತ್ತಿದೆ, ಜನರನ್ನು ದಡಕ್ಕೆ ಕರೆತನ್ನಿ ಎಂಬ ಕೊನೆಯ ಮಾತು ಒಬ್ಬರೇ ಹೇಳುವಂತಿರಬೇಕು.

ಪ್ರಶ್ನೆ: ಅಮೆರಿಕದಂಥ ದೇಶದಲ್ಲಿ 2010ರಲ್ಲಿ ಡೀಪ್‌ವಾಟರ್ ಹೊರೈಜನ್ ದುರಂತ ಆಯಿತು. ಅವರು ನಾರ್ತ್ ಸೀಯಿಂದ ಪಾಠ ಕಲಿತಿರಲಿಲ್ಲವೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಉತ್ತರ: ಕಲಿತಿರಲಿಲ್ಲ. 1982ರಲ್ಲಿ ಹುಟ್ಟಿದ ಅವರ ಖನಿಜ ನಿರ್ವಹಣಾ ಸಂಸ್ಥೆ ಕಡಲಿನ ಬ್ಲಾಕುಗಳನ್ನು ಗುತ್ತಿಗೆ ಕೊಡುತ್ತಿತ್ತು, ರಾಯಲ್ಟಿ ವಸೂಲಿ ಮಾಡುತ್ತಿತ್ತು, ಸುರಕ್ಷತೆಯ ತಪಾಸಣೆಯನ್ನೂ ಮಾಡುತ್ತಿತ್ತು. ಮೂರೂ ಒಂದೇ ಸೂರಿನಡಿ. ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಮಕಾಂಡೊ ಬಾವಿ ಸಿಡಿದು 11 ಜನ ಸತ್ತರು, 87 ದಿನ ತೈಲ ಹರಿಯಿತು. ಬಾವಿ ಮುಚ್ಚಿದೆಯೇ ಎಂದು ತಿಳಿಯಲು ಮಾಡಿದ ಒತ್ತಡದ ಪರೀಕ್ಷೆ ಸರಿಯಿಲ್ಲ ಎಂದೇ ತೋರಿಸಿತ್ತು, ಓದಿದವರು ಸರಿಯಿದೆ ಎಂದುಕೊಂಡರು. ಆ ಸಂಸ್ಥೆಯನ್ನು ಮುಚ್ಚಿ ಹಣ, ಗುತ್ತಿಗೆ, ಸುರಕ್ಷತೆ ಮೂರನ್ನೂ ಬೇರೆ ಮಾಡಿದರು. ಸುರಕ್ಷತೆಗೇ ಮೀಸಲಾದ ಬಿಎಸ್‌ಇಇ ಎಂಬ ಸಂಸ್ಥೆ 2011ರ ಅಕ್ಟೋಬರ್‌ನಲ್ಲಿ ಕೆಲಸ ಶುರುಮಾಡಿತು. ನೀವು ಮುಂದೆ ಈ ಕ್ಷೇತ್ರಕ್ಕೆ ಬರುವುದಾದರೆ ಮಕಾಂಡೊದ ಆ ಒತ್ತಡ ಪರೀಕ್ಷೆಯ ವಿವರಗಳನ್ನು ಕೂತು ಓದಿ. ಪುಸ್ತಕದ ಪಾಠದಲ್ಲಿ ಸಿಗದ ಎಂಜಿನಿಯರಿಂಗ್ ಅದರಲ್ಲಿದೆ.

ಪ್ರಶ್ನೆ: ನಮ್ಮವರು ಪ್ಲಾಟ್‌ಫಾರ್ಮ್‌ನಲ್ಲಿ ಪಂಪ್ ಆಪರೇಟರ್. ಇದೆಲ್ಲ ದೊಡ್ಡ ಕಾನೂನಿನ ಮಾತು. ಮನೆಯಲ್ಲಿ ಕುಳಿತ ನಾನು ಫೋನಿನಲ್ಲಿ ಅವರನ್ನು ಏನು ಕೇಳಬೇಕು?
— ಓದುಗರೊಬ್ಬರು, ಅಂಕೋಲಾ

ಉತ್ತರ: ತಂಗೀ, ‘ಜೋಪಾನ’ ಎಂದು ಹೇಳುವುದರ ಜೊತೆಗೆ ಈ ಮೂರು ಮಾತು ಕೇಳಿ. ಶಿಫ್ಟ್ ಬದಲಾಗುವಾಗ ಹೋಗುವವರೂ ಬರುವವರೂ ರಿಜಿಸ್ಟರ್‌ಗೆ ಸಹಿ ಹಾಕಿ ಮುಗಿಸುತ್ತಾರೋ, ಜೊತೆಯಲ್ಲಿ ನಡೆದುಹೋಗಿ ಬಿಚ್ಚಿಟ್ಟ ಯಂತ್ರವನ್ನು ಕಣ್ಣಾರೆ ನೋಡುತ್ತಾರೋ? ಮಸ್ಟರ್ ಡ್ರಿಲ್, ಅಂದರೆ ತುರ್ತಿನಲ್ಲಿ ಒಂದೆಡೆ ಸೇರುವ ಅಭ್ಯಾಸ, ರಾತ್ರಿ ಹೊತ್ತೂ ಮಾಡಿಸುತ್ತಾರೋ? ತಾನು ಮಲಗುವ ಕೋಣೆಯಿಂದ ಕತ್ತಲಲ್ಲಿ ಲೈಫ್‌ಬೋಟಿಗೆ ಹೋಗುವ ಎರಡು ದಾರಿ ಅವರಿಗೆ ಗೊತ್ತಿದೆಯೋ?

ಒಮ್ಮೆ ಮಳೆಗಾಲದ ಸಂಜೆ, ನಾನಿದ್ದ ಪ್ಲಾಟ್‌ಫಾರ್ಮ್‌ನಲ್ಲಿ ಕಾಂಟ್ರಾಕ್ಟರ್ ಕಡೆಯ ಹುಡುಗನೊಬ್ಬ ಹ್ಯಾಂಡೋವರ್‌ಗೆ ಸಹಿ ಹಾಕಲು ಒಪ್ಪಲಿಲ್ಲ. ಮೇಲೆ ಹತ್ತಿ ನೋಡಿ ಬರುತ್ತೇನೆ ಎಂದ. ಮೇಲ್ವಿಚಾರಕ ಗದರಿದರು, ಊಟದ ಹೊತ್ತು ಬೇರೆ. ಹುಡುಗ ಟಾರ್ಚ್ ಹಿಡಿದು ಹೋದ. ಗ್ಯಾಸ್ ಲೈನಿನ ಡ್ರೇನ್ ಬಾಯಿಗೆ ಪ್ಲಗ್ ಇರಲಿಲ್ಲ, ಬರೀ ಬಟ್ಟೆ ತುರುಕಿತ್ತು. ಹಗಲಿನವರು ಪ್ಲಗ್ ತರಲು ಹೋಗಿ ಮರೆತಿದ್ದರು. ಆ ರಾತ್ರಿ ಲೈನಿಗೆ ಗ್ಯಾಸ್ ಬಿಡುವುದನ್ನು ನಿಲ್ಲಿಸಿದೆವು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಮುಂಚಿನ ಟೂಲ್‌ಬಾಕ್ಸ್ ಮಾತುಕತೆಯಲ್ಲಿ ಎಲ್ಲರ ಮುಂದೆ ಆ ಹುಡುಗನಿಂದಲೇ ನಡೆದದ್ದನ್ನು ಹೇಳಿಸಿದೆ. ಗದರಿದ ಮೇಲ್ವಿಚಾರಕರೇ ಅವತ್ತಿನಿಂದ ಆ ಪಾಳಿಗೆ ಟಾರ್ಚ್ ಹಿಡಿದು ಮುಂದೆ ಹೋಗತೊಡಗಿದರು.

ನಿಮ್ಮವರು ಸಹಿ ಹಾಕದೆ ನೋಡಲು ಹೋದದ್ದಕ್ಕೆ ಯಾರಾದರೂ ಬೈದರು ಎಂದು ಫೋನಿನಲ್ಲಿ ಬೇಸರ ಮಾಡಿಕೊಂಡರೆ, ಸರಿಯಾದದ್ದನ್ನೇ ಮಾಡಿದಿರಿ ಅಂತ ಹೇಳಿ. ದಿನಾಂಕ, ಸಮಯ, ಯಂತ್ರದ ನಂಬರು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಸುರಕ್ಷತಾ ಸಮಿತಿಯ ಸಭೆಯಲ್ಲಿ ಓದಿ ಹೇಳಲಿ.